ಐದು ಸೀಮೆಯ ರೆಡ್ ವೈನ್, ಒಂದೇ ಕೂರಿಕೆ: ರುಚಿ ನೋಡುವ ಕ್ರಮ ಹೇಗೆ?

ಹೊಸದ್ರಾಕ್ಷಿ:
ಬೆಂಗಳೂರಿನಲ್ಲಿ ಆರು ಜನ ಸೇರಿ ಐದು ಬಾಟಲಿ ಹೋಲಿಸಿ ನೋಡಬೇಕೆಂದಿದ್ದೇವೆ: ಇಟಲಿಯ ಕಿಯಾಂತಿ ಕ್ಲಾಸಿಕೊ, ಸ್ಪೇನಿನ ರಿಯೋಹಾ ಕ್ರಿಯಾಂಜಾ, ಫ್ರಾನ್ಸಿನ ಉತ್ತರ ರೋನ್‌ನ ಕ್ರೋಜ್ ಎರ್ಮಿಟಾಜ್, ಆಸ್ಟ್ರೇಲಿಯಾದ ಬರೋಸಾ ಶಿರಾಜ್, ನಂದಿ ಬೆಟ್ಟದ ಕಡೆಯ, ಎರಡು ದ್ರಾಕ್ಷಿ ಬೆರೆತ ಕ್ಯಾಬರ್ನೆ–ಶಿರಾಜ್. ಯಾವುದು ಮೊದಲು? ಎಷ್ಟು ತಂಪಿರಬೇಕು? ನಾಲಿಗೆಗೆ ಎಲ್ಲವೂ ಹುಳಿ, ಒಗರು ಅಂತಲೇ ಅನ್ನಿಸಿದರೆ ವ್ಯತ್ಯಾಸ ಹಿಡಿಯುವುದು ಹೇಗೆ?

ಒಗರುಪ್ರಿಯ:
ಮೊದಲು ತಂಪು ಸರಿಮಾಡಿಕೊಳ್ಳಿ. "ರೂಮ್ ಟೆಂಪರೇಚರ್" ಅನ್ನುವ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು, ನಮ್ಮ 28 ಡಿಗ್ರಿಗೆ ಅದು ಹೊಂದುವುದಿಲ್ಲ. ಆ ಬಿಸಿಗೆ ಆಲ್ಕೊಹಾಲ್ ಮೂಗಿಗೆ ಹೊಡೆದು ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. ತೀರಾ ತಣ್ಣಗಾದರೆ ಒಗರು ಮಾತ್ರ ಎದ್ದು ನಿಲ್ಲುತ್ತದೆ. 16 ಡಿಗ್ರಿಗೆ ಸುರಿಯಿರಿ, ಗ್ಲಾಸಿನಲ್ಲಿ ತಾನಾಗಿ 18ಕ್ಕೆ ಬರುತ್ತದೆ. ಫ್ರಿಜ್ಜಿನಲ್ಲಾದರೆ ಸುಮಾರು ಒಂದರಿಂದ ಒಂದೂವರೆ ಗಂಟೆ. ಐಸು, ನೀರು ಎರಡೂ ಹಾಕಿದ ಬಕೆಟ್ಟಿನಲ್ಲಾದರೆ 10 ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಹಾಕಿ ನೋಡಿ. ತಲೆಗೆ 50 ಮಿ.ಲೀ. ಸಾಕು. 750ರ ಬಾಟಲಿಯಲ್ಲಿ 450 ಉಳಿಯುತ್ತದೆ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಲು ಬೇಕಾಗುತ್ತದೆ.

ಹುಳಿಯೂ ಒಗರೂ ಒಂದೇ ಅಲ್ಲ, ಒಂದಕ್ಕೊಂದು ತದ್ವಿರುದ್ಧ. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಒಗರು ಬಾಯನ್ನು ಒಣಗಿಸುತ್ತದೆ. ಒಂದು ಗುಟುಕನ್ನು ಬಾಯಲ್ಲೆಲ್ಲ ಆಡಿಸಿ ಉಗುಳಿ, ತಲೆ ತಗ್ಗಿಸಿ. ನಾಲಿಗೆಯ ಎರಡೂ ಬದಿಯಿಂದ ನೀರು ಎಷ್ಟು ಹೊತ್ತು ಊರುತ್ತದೆ ಎಂದು ಎಣಿಸಿ, ಅದು ಹುಳಿಯ ಅಳತೆ. ಆಮೇಲೆ ನಾಲಿಗೆಯನ್ನು ಮೇಲ್ದುಟಿಗೂ ಒಸಡಿಗೂ ನಡುವೆ ಆಡಿಸಿ. ಅಡಿಕೆ ಜಗಿದ ಹಾಗೆ ಹಿಡಿದುಕೊಂಡರೆ ಟ್ಯಾನಿನ್, ಅಂದರೆ ಒಗರು ಕೊಡುವ ಅಂಶ, ಜೋರಾಗಿದೆ. ಗಂಟಲಲ್ಲಿ ಏಳುವ ಬಿಸಿ ಆಲ್ಕೊಹಾಲಿನದು.

ಈ ಮೂರೂ ಕೈವಶವಾದರೆ ಸೀಮೆ ತಾನೇ ಕಾಣುತ್ತದೆ. ಕಿಯಾಂತಿ ಕ್ಲಾಸಿಕೊದಲ್ಲಿ ಕನಿಷ್ಠ 80% ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು: ಹುಳಿ ಹೆಚ್ಚು, ಒಗರು ಗಟ್ಟಿ, ಬಣ್ಣ ತೀರಾ ಗಾಢವಲ್ಲ. ಕ್ರಿಯಾಂಜಾ ಕನಿಷ್ಠ ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ ಕೂತಿರುತ್ತದೆ. ಅಮೆರಿಕದ ಓಕ್ ಆಗಿದ್ದರೆ ಕೊಬ್ಬರಿ, ವೆನಿಲಾ ವಾಸನೆ ಬರುತ್ತದೆ. ನಂದಿಯದರಲ್ಲಿ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ ಇದೆಯೇ ನೋಡಿ. ಅದು ಕ್ಯಾಬರ್ನೆಯ ಗುಣ; ಜೋರಾಗಿದ್ದರೆ ಹಣ್ಣು ಪೂರಾ ಮಾಗಿರಲಿಲ್ಲ ಎಂದು ಊಹಿಸಬಹುದು.

ಕ್ರಮ: ಕಿಯಾಂತಿ, ರಿಯೋಹಾ, ಕ್ರೋಜ್, ನಂದಿ, ಕೊನೆಗೆ ಬರೋಸಾ.

ಪೀಪಾಯಿ:
ಕ್ರಮದಲ್ಲಿ ಒಂದು ತಕರಾರು. ಕ್ರೋಜ್, ಬರೋಸಾ ಎರಡೂ ಸಿರಾ ದ್ರಾಕ್ಷಿಯವೇ; ಶಿರಾಜ್ ಅಂದರೂ ಅದೇ, ಹೆಸರು ಮಾತ್ರ ಬೇರೆ. ಅವನ್ನು ಅಕ್ಕಪಕ್ಕ ಇಡಿ. ತಂಪು ಸೀಮೆಯ ಕ್ರೋಜ್‌ನಲ್ಲಿ ಆಗ ತಾನೇ ಕುಟ್ಟಿದ ಕರಿಮೆಣಸಿನ ವಾಸನೆ, ಬಿಸಿಲ ಸೀಮೆಯ ಬರೋಸಾದಲ್ಲಿ ಜಾಮ್, ಚಾಕೊಲೇಟ್, ಜೊತೆಗೆ ಆಲ್ಕೊಹಾಲ್ ಹೆಚ್ಚಾಗಿ 14%ರ ಮೇಲೆ. ಹವೆ ಏನು ಮಾಡುತ್ತದೆ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗದು. ನಂದಿಯದನ್ನು ಇವೆರಡಕ್ಕೂ ಮೊದಲೇ ಮುಗಿಸಿ.

ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿ ನಂಬರ್ ಹಾಕಿ, ಕತ್ತಿನ ಹಾಳೆಯನ್ನೂ ಪೂರ್ತಿ ಕಿತ್ತುಬಿಡಿ. ಬರೆಯುವ ತನಕ ಯಾರೂ ಬಾಯಿ ಬಿಡಬಾರದು. ಒಬ್ಬರು "ನೇರಳೆ ಹಣ್ಣು" ಅಂದರೆ ಉಳಿದವರ ಮೂಗಿಗೂ ನೇರಳೆಯೇ ಬರುತ್ತದೆ.

ಕೆಟ್ಟ ಬಾಟಲಿಗೆ ಅಂಕ ಕೊಡಬೇಡಿ. ಒದ್ದೆ ರಟ್ಟಿನ ವಾಸನೆ ಇದ್ದರೆ ಕಾರ್ಕಿನ ದೋಷ, ಗಾಳಿಗಿಟ್ಟರೆ ಹೋಗುವುದಿಲ್ಲ. ನೇಲ್ ಪಾಲಿಶ್ ವಾಸನೆ ಹುಳಿಹಿಡಿದ ಗುರುತು. ಕಾರ್ಕ್ ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ ಸಾಗಣೆಯಲ್ಲೋ ಗೋದಾಮಿನಲ್ಲೋ ಬಿಸಿ ತಗುಲಿರಬಹುದು. ಬಿಸಿಗೆ ಕೆಟ್ಟದ್ದೂ ಜಾಮ್ ಥರವೇ ನಾರುವುದರಿಂದ ಬರೋಸಾ ಎಂದು ಮೋಸಹೋಗಬಹುದು. ಆದರೆ ಕೆಟ್ಟದ್ದರ ರುಚಿ ಬಾಯಲ್ಲಿ ತಟ್ಟನೆ ಸತ್ತುಹೋಗುತ್ತದೆ, ಹೊಸ ವೈನಾದರೂ ಗ್ಲಾಸಿನಲ್ಲಿ ಅದರ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಹೊಸದ್ರಾಕ್ಷಿ:
ಕೊಳೆತ ಮೊಟ್ಟೆಯ ವಾಸನೆ ಬಂದರೆ? ಜೊತೆಗೆ ತಿನ್ನಲು ಏನಿಡುವುದು? ಅಂಕದ ಲೆಕ್ಕ ಹೇಗೆ?

ಒಗರುಪ್ರಿಯ:
ಅದು ಗಂಧಕದ ವಾಸನೆ, ಸಿರಾದಲ್ಲಿ ಆಗಾಗ ಬರುತ್ತದೆ. ಜಗ್ಗಿಗೆ ಬಗ್ಗಿಸಿ 20–30 ನಿಮಿಷ ಬಿಡಿ. ಪರೀಕ್ಷೆಗೆ ಒಂದೇ ಗ್ಲಾಸಿಗೆ ತೊಳೆದ ತಾಮ್ರದ ಚೂರು ಹಾಕಿ ತಿರುಗಿಸಿ. ವಾಸನೆ ಇಳಿದರೆ ಗಂಧಕವೇ ಸೈ. ಆ ಗ್ಲಾಸನ್ನು ಕುಡಿಯದೆ ಚೆಲ್ಲಿ.

ತಿನ್ನಲು ಸಪ್ಪೆ ಬ್ರೆಡ್ಡು, ನೀರು ಸಾಕು. ಖಾರದ ಮಿಕ್ಸ್ಚರ್, ಕಬಾಬ್ ಇಟ್ಟರೆ ಆಲ್ಕೊಹಾಲ್ ಉರಿಯಾಗುತ್ತದೆ, ಒಗರು ಕಹಿಯಾಗುತ್ತದೆ. ಚೀಸ್ ಒಗರನ್ನು ಮುಚ್ಚಿಹಾಕುವುದರಿಂದ ಅದೂ ಆಮೇಲೆ. ಕೋಣೆಯಲ್ಲಿ ಊದುಬತ್ತಿ, ಮಲ್ಲಿಗೆ ಬೇಡ.

100ಕ್ಕೆ ಅಂಕ ಕೊಡುವ ಗೋಜಿಗೆ ಹೋಗದೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಹುಳಿ, ಒಗರು, ಆಲ್ಕೊಹಾಲ್, ಹಣ್ಣು ಒಂದಕ್ಕೊಂದು ತೂಗುತ್ತವೆಯೇ? ಪರಿಮಳ ಗಾಢವೇ? ಬಗೆಬಗೆಯದೇ? ಉಗುಳಿದ ಮೇಲೆ ಎಷ್ಟು ಸೆಕೆಂಡ್ ನಿಲ್ಲುತ್ತದೆ? ಕೊನೆಯ ಪ್ರಶ್ನೆಗೆ ಹಣ್ಣಿನ ರುಚಿ ಇರುವವರೆಗೆ ಮಾತ್ರ ಎಣಿಸಿ. ಬರೀ ಒಗರೋ ಉರಿಯೋ ಉಳಿದಿದ್ದರೆ ಅದು ಲೆಕ್ಕಕ್ಕಿಲ್ಲ.