ಎಲ್‌ಎಚ್‌ಬಿ ಬೋಗಿಯ ಕೆಳಗೆ ಫಿಯೆಟ್ ಬೋಗಿ: ಈ ಎರಡನೇ ಬೋಗಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಲಿಂಕೆ-ಹೋಫ್‌ಮನ್-ಬುಶ್ ಅನ್ನುವ ಜರ್ಮನಿಯ ರೈಲು ಕಂಪನಿಯ ಬಗ್ಗೆ. ಹೆಸರು ಎಲ್ಲೂ ಕೇಳಿಲ್ಲ ಅನ್ನಿಸಬಹುದು, ಆದರೆ ನಾವೆಲ್ಲ ದಿನಾ ಹತ್ತಿ ಇಳಿಯುವ ಎಲ್‌ಎಚ್‌ಬಿ ಬೋಗಿಯ ಮೂರು ಅಕ್ಷರಗಳು ಈ ಮೂರು ಹೆಸರುಗಳಿಂದಲೇ ಬಂದಿವೆ. ಬರವಣಿಗೆ ಚೆನ್ನಾಗಿಯೇ ಸಾಗಿತ್ತು. ಒಂದು ವಾಕ್ಯದ ಹತ್ತಿರ ಬಂದು ನಿಂತುಬಿಟ್ಟಿದೆ:

"ಎಲ್‌ಎಚ್‌ಬಿ ಬೋಗಿಗೆ ಫಿಯೆಟ್ ಬೋಗಿ ಹಾಕಿರುತ್ತಾರೆ."

ಇದರಲ್ಲಿ ತಪ್ಪೇನೂ ಇಲ್ಲ. ಮೊದಲನೇ ಬೋಗಿ ನಾವು ಕೂರುವ ಡಬ್ಬಿ. ಎರಡನೆಯದು ಆ ಡಬ್ಬಿಯ ಕೆಳಗಿರುವ, ಎರಡು ಅಚ್ಚು (ಆಕ್ಸಲ್) ನಾಲ್ಕು ಗಾಲಿಯ ಚೌಕಟ್ಟು; ಫಿಯೆಟ್ ಅನ್ನುವುದು ಅದನ್ನು ವಿನ್ಯಾಸ ಮಾಡಿದ ಕಂಪನಿಯ ಹೆಸರು. ಒಂದು ಡಬ್ಬಿಗೆ ಇಂಥವು ಎರಡು, ಒಟ್ಟು ಎಂಟು ಗಾಲಿ. ಎಂಟನೇ ಕ್ಲಾಸಿನಲ್ಲಿರುವ ಅಕ್ಕನ ಮಗಳಿಗೆ ಓದಿ ಹೇಳಿದೆ. "ಬೋಗಿಗೆ ಮತ್ತೆ ಬೋಗಿ ಹಾಕೋದು ಹೇಗೆ ಮಾಮ?" ಅಂತ ಕೇಳಿದಳು. ಅವಳು ಕೇಳಿದ್ದು ಸರಿಯೇ ಇದೆ, ಅಲ್ವಾ?

ಪದದ ಹಿಂದಿನ ಕತೆ ನನಗೆ ತಿಳಿದಷ್ಟು ಹೇಳುತ್ತೇನೆ. ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಲ್ಲಿ ಬೋಗಿ ಅಂದರೆ ತಗ್ಗಾದ, ಗಟ್ಟಿಯಾದ ಸಣ್ಣ ಗಾಡಿ. 1812ರಲ್ಲಿ ವಿಲಿಯಂ ಚಾಪ್‌ಮನ್ ಅನ್ನುವ ಎಂಜಿನಿಯರ್, ಗಾಲಿಗಳ ಚೌಕಟ್ಟನ್ನು ತಿರುಗುವ ಹಾಗೆ ಮಾಡುವ ಉಪಾಯಕ್ಕೆ ಪೇಟೆಂಟ್ ತೆಗೆದುಕೊಂಡರು. ಮೊದಮೊದಲ ರೈಲು ಡಬ್ಬಿಗಳು ಚಿಕ್ಕವು, ನಾಲ್ಕೇ ಗಾಲಿ, ಅಚ್ಚುಗಳನ್ನು ನೇರವಾಗಿ ಡಬ್ಬಿಗೇ ಬಿಗಿದಿರುತ್ತಿದ್ದರು. ಡಬ್ಬಿ ಉದ್ದವಾದರೆ ಹಳಿಯ ತಿರುವಿನಲ್ಲಿ ಇದು ನಡೆಯುವುದಿಲ್ಲ. ಅದಕ್ಕೇ ಎರಡೂ ತುದಿಯಲ್ಲಿ ಒಂದೊಂದು ಸಣ್ಣ ಗಾಡಿ ಇಟ್ಟು, ಅದರ ಮೇಲೆ ಡಬ್ಬಿ ಕೂರಿಸಿದರು. ಡಬ್ಬಿ ನೇರವಾಗಿಯೇ ಇರುತ್ತದೆ, ಕೆಳಗಿನ ಗಾಡಿಗಳು ಮಾತ್ರ ತಿರುವಿಗೆ ತಕ್ಕಂತೆ ತಿರುಗುತ್ತವೆ. ಇಂಥ ಉದ್ದ ಡಬ್ಬಿಗೆ ಇಂಗ್ಲಿಷಿನಲ್ಲಿ ಬೋಗಿ ಕ್ಯಾರೇಜ್ ಅಂತ ಹೆಸರಾಯಿತು. ನಮ್ಮ ದೇಶದಲ್ಲಿ ಜನರ ಬಾಯಲ್ಲಿ ಕ್ಯಾರೇಜ್ ಉದುರಿಹೋಗಿ ಬರೀ ಬೋಗಿ ಉಳಿಯಿತು. ಕೆಳಗಿನ ಗಾಡಿಯ ಹೆಸರು ಮೇಲಿನ ಡಬ್ಬಿಗೆ ಹತ್ತಿದ್ದು ಹೀಗೆ. (ಕೆಲವರು ಇದನ್ನು ಹಬ್ಬದ ಭೋಗಿಯ ಹಾಗೆ ಮಹಾಪ್ರಾಣ ಹಾಕಿ ಬರೆಯುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ದಯವಿಟ್ಟು ಹಾಗೆ ಬರೆಯಬೇಡಿ.)

ಈ ಕಂಪನಿಯ ವಿಷಯ ಬರೆಯುವಾಗ ಎರಡೂ ಅರ್ಥ ಬಿಡಲು ಆಗುವುದಿಲ್ಲ. 1839ರಲ್ಲಿ ಗಾಟ್‌ಫ್ರೀಡ್ ಲಿಂಕೆ ಬ್ರೆಸ್ಲಾವ್ ಊರಿನಲ್ಲಿ ಶುರು ಮಾಡಿದ ಕಾರ್ಖಾನೆ ಇದು. 1912ರಲ್ಲಿ ಹೋಫ್‌ಮನ್ ಸೇರಿತು, 1928ರಲ್ಲಿ ಬೌಟ್ಸನ್ ಊರಿನ ಬುಶ್ ಸೇರಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರೆಸ್ಲಾವ್ ಪೋಲೆಂಡಿಗೆ ಸೇರಿ ವ್ರೊತ್ಸ್ವಾಫ್ ಆಯಿತು. ಕಂಪನಿ ಪಶ್ಚಿಮ ಜರ್ಮನಿಯ ಜಾಲ್ಟ್ಸ್‌ಗಿಟರ್‌ನಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡಿತು. ಹಳೇ ಊರಿನ ಕಾರ್ಖಾನೆ ಪಫಾವಾಗ್ ಅನ್ನುವ ಹೆಸರಲ್ಲಿ ಪೋಲೆಂಡಿಗೆ ರೈಲು ಮಾಡುತ್ತಾ ಉಳಿಯಿತು. ಜರ್ಮನಿಯ ಕಂಪನಿ ಮುಂದೆ ಫ್ರಾನ್ಸಿನ ರೈಲು ಕಂಪನಿ ಆಲ್‌ಸ್ಟಮ್ ಪಾಲಾಯಿತು. ಪೋಲೆಂಡಿನ ಕಾರ್ಖಾನೆ ಆಡ್‌ಟ್ರಾನ್ಜ್ ಅನ್ನುವ ಇನ್ನೊಂದು ರೈಲು ಕಂಪನಿಯ ಕೈಗೆ, ಅಲ್ಲಿಂದ ಬೊಂಬಾರ್ಡಿಯರ್ ಕಂಪನಿಯ ಕೈಗೆ ಹೋಗಿ, 2021ರಲ್ಲಿ ಅದೂ ಆಲ್‌ಸ್ಟಮ್‌ಗೇ ಬಂತು. ಯುದ್ಧದಲ್ಲಿ ಬೇರೆಯಾದ ಮನೆ ಎಪ್ಪತ್ತೈದು ವರ್ಷ ಕಳೆದ ಮೇಲೆ ಒಂದೇ ಯಜಮಾನನ ಕೆಳಗೆ ಬಂದ ಈ ಭಾಗ ಬರೆಯುವಾಗ ನನಗೆ ನಿಜಕ್ಕೂ ಮನಸ್ಸು ತುಂಬಿಬಂತು.

ನಮ್ಮಲ್ಲಿಗೆ ಇವರ ಡಬ್ಬಿ ಬಂದಿದ್ದು 2000ದಲ್ಲಿ. ಮೊದಲು 24 ಡಬ್ಬಿ ತರಿಸಿಕೊಂಡರು, ಆಮೇಲೆ ಪಂಜಾಬಿನ ಕಪುರ್ತಲಾದ ರೈಲು ಡಬ್ಬಿ ಕಾರ್ಖಾನೆಯಲ್ಲಿ ಇಲ್ಲೇ ಮಾಡತೊಡಗಿದರು. ಅಲ್ಲಿಯವರೆಗೆ ನಾವು ಓಡಾಡುತ್ತಿದ್ದುದು ಜಾಸ್ತಿ ಚೆನ್ನೈನ ಪೆರಂಬೂರು ಕಾರ್ಖಾನೆಯ ಐಸಿಎಫ್ ಡಬ್ಬಿಗಳಲ್ಲಿ. ಹೊಸ ಡಬ್ಬಿ ಅದಕ್ಕಿಂತ ಸುಮಾರು ಎರಡು ಮೀಟರ್ ಉದ್ದ. ಅದಕ್ಕೇ ಸ್ಲೀಪರ್‌ನಲ್ಲಿ 72 ಇದ್ದ ಬರ್ತ್ 80 ಆಯಿತು. ಮೈ ಸ್ಟೇನ್‌ಲೆಸ್ ಸ್ಟೀಲಿನದು. ಅಪಘಾತವಾದರೆ ಒಂದು ಡಬ್ಬಿ ಇನ್ನೊಂದರ ಮೇಲೆ ಹತ್ತದ ಹಾಗೆ ತಡೆಯುವ ಕೊಂಡಿ ಇದೆ.

ಇದಿಷ್ಟೂ ಮೇಲಿನ ಡಬ್ಬಿಯ ಮಾತು. ಓಟದ ಸುಖ, ವೇಗ ಎರಡಕ್ಕೂ ಕೆಳಗಿನ ಗಾಡಿಯೇ ಮುಖ್ಯ. ಅದು ಫಿಯೆಟ್ ವಿನ್ಯಾಸದ್ದು. ಇಂಗ್ಲಿಷಿನ ವೈ ಅಕ್ಷರದ ಆಕಾರದ ಎರಡು ಪಕ್ಕದ ಚೌಕಟ್ಟು, ಅವನ್ನು ಕೂಡಿಸುವ ಅಡ್ಡ ಕೊಳವೆಗಳು, ಅಚ್ಚಿಗೇ ಕೂರಿಸಿದ ಡಿಸ್ಕ್ ಬ್ರೇಕು. ಐಸಿಎಫ್‌ನದರಲ್ಲಿ ಬ್ರೇಕು ಗಾಲಿಯ ಅಂಚನ್ನೇ ಒತ್ತಿ ಹಿಡಿಯುತ್ತದೆ. ಈ ವ್ಯತ್ಯಾಸ ಮಕ್ಕಳಿಗೆ ಹೇಳಲೇಬೇಕು, ಹೇಳಲು ಪದ ಬೇಕು.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಜನರ ಬಾಯಿಂದ ಬೋಗಿಯನ್ನು ಕಿತ್ತುಕೊಳ್ಳುವುದು ಬೇಡ. "ಆರು ಬೋಗಿ ಮೆಟ್ರೊ" ಅಂದರೆ ಬೆಂಗಳೂರಿನಲ್ಲಿ ಯಾರಿಗೂ ಗೊಂದಲವಿಲ್ಲ. ಬೋಗಿ ಅಂದರೆ ಡಬ್ಬಿ ಅನ್ನುವುದು ಕನ್ನಡದ ಅರ್ಥ, ಅದು ತಪ್ಪು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ಹೆಸರು ಬೇಕಾಗಿರುವುದು ಕೆಳಗಿನದಕ್ಕೆ. ಎತ್ತಿನ ಗಾಡಿಯ ಪದಗಳು ರೈಲಿಗೆ ಹೊಂದುವುದಿಲ್ಲ ಅನ್ನುವ ಭಯವೂ ಬೇಡ. ಯಲಹಂಕದಲ್ಲಿ 1984ರಿಂದ ಇರುವ ರೈಲು ಗಾಲಿ ಕಾರ್ಖಾನೆ ಮಾಡುವುದೇ ಗಾಲಿ ಮತ್ತು ಅಚ್ಚು. ಎರಡೂ ನಮ್ಮ ಗಾಡಿಯ ಪದಗಳೇ.

ನಾನು ಯೋಚಿಸಿದ್ದು ಮೂರು. ಗಾಲಿಕಟ್ಟು ಅನ್ನಬಹುದು, ಆದರೆ ಒಂದು ಅಚ್ಚು ಮತ್ತು ಅದರ ಎರಡು ಗಾಲಿ ಸೇರಿದ ಜೋಡಿಗೆ ಆ ಹೆಸರು ಜಾಸ್ತಿ ಒಪ್ಪುತ್ತದೆ, ಅದಕ್ಕೂ ಒಂದು ಹೆಸರು ಬೇಕಲ್ಲ. ಗಾಲಿಪೀಠ ಅಂದರೆ ಸುಮ್ನೆ ಕೂತ ಪೀಠ ಕಣ್ಣಿಗೆ ಬರುತ್ತದೆ, ತಿರುಗುವುದು ಕಾಣುವುದಿಲ್ಲ. ಮೂರನೆಯದು ಅಡಿಬಂಡಿ. ಅಡಿಯಲ್ಲಿರುವ ಬಂಡಿ. ಇಂಗ್ಲಿಷಿನ ಹಳೇ ಬೋಗಿಯೂ ಒಂದು ಸಣ್ಣ ಬಂಡಿಯೇ ಆಗಿತ್ತು, ಹಾಗಾಗಿ ನನ್ನ ಮನಸ್ಸು ಇದರ ಕಡೆಗಿದೆ. ವಾಕ್ಯದಲ್ಲಿ ಇಟ್ಟು ನೋಡಿದೆ: "ಎಲ್‌ಎಚ್‌ಬಿ ಬೋಗಿ ಎರಡು ಫಿಯೆಟ್ ಅಡಿಬಂಡಿಗಳ ಮೇಲೆ ಕೂರುತ್ತದೆ." ಪೇಪರಿನವರಿಗೂ ಉಪಯೋಗವಿದೆ. "ಬೋಗಿ ಹಳಿ ತಪ್ಪಿತು" ಅಂದಾಗ ಇಡೀ ಡಬ್ಬಿಯೇ ಹಳಿ ಬಿಟ್ಟಿತೋ, ಒಂದು ತುದಿಯ ನಾಲ್ಕು ಗಾಲಿ ಮಾತ್ರವೋ ತಿಳಿಯುವುದಿಲ್ಲ. "ಮುಂದಿನ ಅಡಿಬಂಡಿ ಹಳಿ ತಪ್ಪಿತು" ಅಂದರೆ ತಿಳಿಯುತ್ತದೆ.

ಅಕ್ಕನ ಮಗಳಿಗೆ ಈ ಪದ ಹೇಳಿದಾಗ "ಅಡಿ ಅಂದ್ರೆ ಅಳತೆಯ ಅಡೀನಾ?" ಅಂದಳು. ಆ ತೊಡಕು ಇದೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ಹುಬ್ಬಳ್ಳಿ ಅಥವಾ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ, ಇಲ್ಲವೇ ಬೆಂಗಳೂರಿನ ಬೆಮೆಲ್‌ನಲ್ಲಿ ಕೆಲಸ ಮಾಡಿದವರು, ಅಂಥವರ ಮನೆಯವರು ಈ ಗುಂಪಿನಲ್ಲಿ ಇದ್ದರೆ ದಯವಿಟ್ಟು ಬರೆಯಿರಿ: ಡಬ್ಬಿ ಎತ್ತಿ ಕೆಳಗಿನದನ್ನು ಹೊರಗೆ ಎಳೆಯುವಾಗ ನೀವು ನಿಮ್ಮೊಳಗೆ ಅದನ್ನು ಏನೆಂದು ಕರೆಯುತ್ತೀರಿ? ಬೋಗಿ ಅಂತಲೇನಾ, ಟ್ರಾಲಿ ಅಂತಲಾ, ಬೇರೆ ಏನಾದರೂ ಹೆಸರಿದೆಯಾ? ಕೈಯಿಂದ ಕೆಲಸ ಮಾಡುವವರ ಬಾಯಲ್ಲಿ ಒಂದು ಪದ ಈಗಾಗಲೇ ಇದ್ದರೆ ನನ್ನ ಅಡಿಬಂಡಿಯನ್ನು ಬಿಟ್ಟು ಅದನ್ನೇ ಲೇಖನಕ್ಕೆ ಹಾಕುತ್ತೇನೆ.