ಪದಚರ್ಚೆ: ಕೊಳದ ಲೈನರ್‌ಗೆ ಹೊದಿಕೆ ಅನ್ನೋದಾ, ಹಾಸು ಅನ್ನೋದಾ?

ಎಲ್ರಿಗೂ ನಮಸ್ಕಾರ,

ಹಿತ್ತಲಲ್ಲಿ ತಾವರೆಗೆ ಅಂತ ಒಂದು ಸಣ್ಣ ಕೊಳ ಮಾಡ್ತಿದೀನಿ, 8 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳ. ನಮ್ಮದು ಜಂಬಿಟ್ಟಿಗೆ ಮಣ್ಣು, ಬೆಳಿಗ್ಗೆ ತುಂಬಿಸಿದ ನೀರು ಸಂಜೆ ಹೊತ್ತಿಗೆ ಇಂಗಿ ಹೋಗಿರತ್ತೆ, ನೀರು ಇಂಗದ ಹಾಗೆ ಗುಂಡಿ ಒಳಗೆ ಹಾಕೋ ಶೀಟು, ಅಂದ್ರೆ ಲೈನರ್, ಇಲ್ದೆ ಆಗೋದೇ ಇಲ್ಲ. ಅಂಗಡಿಗೆ ಫೋನ್ ಮಾಡಿ ಕಪ್ಪು ಪ್ಲಾಸ್ಟಿಕ್ ಹೊದಿಕೆ ಬೇಕು ಅಂದೆ, ಬಂದಿದ್ದು ಮೆಣಸಿನ ಗಿಡದ ಮಡಿಗೆ ಹಾಕೋ ಮಲ್ಚಿಂಗ್ ಶೀಟು, 30 ಮೈಕ್ರಾನಿಂದು. ನನಗೆ ಬೇಕಿದ್ದಿದ್ದು 500 ಮೈಕ್ರಾನ್, ಅಂದ್ರೆ ಅರ್ಧ ಮಿಲಿಮೀಟರ್ ದಪ್ಪದ್ದು. ಅಂಗಡಿಯವರ ತಪ್ಪೇನಿಲ್ಲ, ಮಲ್ಚಿಂಗಿಗೂ ನಾವು ಹೊದಿಕೆ ಅಂತಲೇ ಅಂತೀವಲ್ಲ. ಆವಾಗಿಂದ ಈ ಪದ ತಲೆ ಕೊರೀತಾ ಇದೆ.

2014ರಲ್ಲಿ ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆ ಶುರುವಾದ್ಮೇಲೆ, ಹೊಲದಲ್ಲಿ ಮಳೆನೀರು ಹಿಡಿದಿಡೋ ಗುಂಡಿಗೆ ಕೃಷಿ ಹೊಂಡ ಅನ್ನೋ ಮಾತು ಊರೂರಲ್ಲೂ ಬಳಕೆಗೆ ಬಂತು, ಅದರ ಜೊತೆಗೇ ಪಾಲಿಥಿನ್ ಹೊದಿಕೆ ಅನ್ನೋದೂ ಬಂತು. ಆದ್ರೆ ಹೊದೆಯೋದು ಮೇಲೆ, ಹಾಸೋದು ಕೆಳಗೆ. ಹಾಸೋಕೂ ಹೊದೆಯೋಕೂ ಬೇಕಾದಷ್ಟಿದೆ ಅಂತ ಮಾತಾಡೋ ಜನ ನಾವು, ಈ ಎರಡನ್ನ ಯಾವತ್ತೂ ಬೆರೆಸಿದವರಲ್ಲ. ಮಲ್ಚಿಂಗ್ ಮಣ್ಣಿನ ಮೇಲೆ ಕೂರತ್ತೆ, ಅದಕ್ಕೆ ಹೊದಿಕೆ ಸರಿ. ಲೈನರ್ ನೀರಿನ ಕೆಳಗೆ ಇರತ್ತೆ, ಅದು ಹಾಸು. ಬಟ್ಟೆ ಒಳಗಿನ ಲೈನಿಂಗಿಗೆ ಅಸ್ತರು ಅನ್ನೋ ಪದ ಇದೆ, ಆದ್ರೆ ಕೊಳದ ಮಟ್ಟಿಗೆ ಅದು ನನ್ನ ಕಿವಿಗೆ ಒಗ್ಗಲಿಲ್ಲ. ತಾಡಪಲ್, ತಾಡಪತ್ರಿ ಅಂದ್ರೆ ಎಲ್ರಿಗೂ ಗೊತ್ತಾಗತ್ತೆ, ಆದ್ರೆ ಅದು ಭತ್ತ ಒಣಗಿಸೋ, ಲಾರಿ ಮುಚ್ಚೋ ಸಾಮಾನು, ಅದನ್ನೇ ತಂದು ಕೊಳಕ್ಕೆ ಹಾಕಿದ್ರೆ ಬಿಸಿಲಿಗೆ ನೀರಿನ ಮೇಲಿರೋ ಅಂಚು ಮೊದಲು ಪುಡಿಯಾಗತ್ತೆ.

ಹಾಗಾಗಿ ನಾನು ಒಳಹಾಸು ಅಂತ ಬಳಸ್ತಾ ಇದೀನಿ. ನೆಲಹಾಸು, ಹಾಸುಗಲ್ಲು ಎಲ್ಲ ಇರೋವಾಗ ಇದೇನೂ ಹೊಸದಾಗಿ ಕಟ್ಟಿದ್ದು ಅನಿಸಲ್ಲ. ಇನ್ನೊಂದು ಅನುಕೂಲ ಅಂದ್ರೆ ಶೀಟಿನ ಕೆಳಗೆ ಕಲ್ಲು ಬೇರು ಚುಚ್ಚದ ಹಾಗೆ ಎರಡಿಂಚು ಮರಳೋ ಹಳೇ ಕಾರ್ಪೆಟ್ಟೋ ಹಾಕ್ತೀವಲ್ಲ, ಅದಕ್ಕೆ ಅಡಿಹಾಸು ಅಂದ್ಬಿಡಬಹುದು, ಹೊದಿಕೆ ಇಟ್ಕೊಂಡು ಇದಕ್ಕೆ ಪದ ಹುಟ್ಟಿಸೋದು ಕಷ್ಟ. (ಗೋಣಿಚೀಲ ಮಾತ್ರ ಬೇಡ, ಕೊಳೆತು ಹೋಗತ್ತೆ.)

ಹಾಸೋ ಕೆಲಸದಲ್ಲಿ ಪದಗಳು ತಾವಾಗೇ ಬಂದ್ವು. ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ ಶೀಟು ಬಿರುಸು, ಮೂಲೇಲಿ ಬಗ್ಗಲ್ಲ, ರಬ್ಬರಿನ ಇಪಿಡಿಎಂ ಆದ್ರೆ ಮೆತ್ತಗೆ ಕೂರತ್ತೆ, ಆದ್ರೂ ಮೂಲೇಲಿ ಮಡಿಕೆ ಬಿದ್ದೇ ಬೀಳತ್ತೆ, ನಮ್ಮನೆಯವಳು ನೋಡಿದ ಕೂಡ್ಲೇ ಸೀರೆ ಥರ ನೆರಿಗೆ ಹಿಡೀರಿ ಅಂದ್ಳು, ಅದಕ್ಕಿಂತ ಒಳ್ಳೆ ಪದ ಬೇಕಾ? ಅಳತೆ ಲೆಕ್ಕ ಅಂದ್ರೆ ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ ಆಮೇಲೆ ಎರಡೂ ಕಡೆ ಒಂದೊಂದಡಿ ಹೆಚ್ಚಿಗೆ, ಅಂದ್ರೆ 8+4+2, 14 ಅಡಿ, ಅಗಲಕ್ಕೂ ಹಾಗೇ 12 ಅಡಿ. ನೀರು ನಿಧಾನಕ್ಕೆ ಬಿಡ್ತಾ ನೆರಿಗೆ ಸರಿ ಮಾಡ್ಕೋತಾ ಹೋಗ್ಬೇಕು, ತುಂಬಿದ ಮೇಲೇ ಅಂಚು ಕತ್ತರಿಸಬೇಕು, ಮೊದಲೇ ಕತ್ತರಿಸಿದ್ರೆ ನೀರಿನ ಭಾರಕ್ಕೆ ಶೀಟು ಒಳಗೆ ಜಗ್ಗಿ ಗಿಡ್ಡ ಆಗಿಬಿಡತ್ತೆ.

ಈಗ ನನ್ನ ಪ್ರಶ್ನೆ. ನೇಕಾರರಿಗೆ ಹಾಸು ಅಂದ್ರೆ ಮಗ್ಗದ ಉದ್ದದ ನೂಲು, ಹಾಸುಹೊಕ್ಕು ಅಂತೀವಲ್ಲ ಅದು, ಮಗ್ಗ ಇರೋ ಊರಿನವರಿಗೆ ಒಳಹಾಸು ಕೇಳಿದ್ರೆ ಗೊಂದಲ ಆಗತ್ತಾ? ಆಮೇಲೆ ಕೊಳದ ಸುತ್ತ ಕಾಲುವೆ ತೋಡಿ ಮಣ್ಣಲ್ಲಿ ಹೂಳ್ತೀವಲ್ಲ ಆ ಒಂದಡಿ ಹೆಚ್ಚಿನ ಭಾಗ, ಅದಕ್ಕೆ ನಾನು ಸೆರಗು ಅಂತಿದೀನಿ, ನಿಮ್ಮ ಕಡೆ ಕೃಷಿ ಹೊಂಡಕ್ಕೆ ಶೀಟು ಹಾಕೋ ಕೆಲಸದವರು ಏನಂತಾರೆ?