ಶೆನಂಡೋವಾದಲ್ಲಿ ದಿನಕ್ಕೆ 25 ಕಿ.ಮೀ. ಆಯ್ತು, ವೈಟ್ ಮೌಂಟನ್ಸ್‌ನಲ್ಲೂ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ರಜೆ ಸಿಕ್ಕಾಗಲೆಲ್ಲ ಅಮೆರಿಕದ ಪೂರ್ವ ಭಾಗದ ಉದ್ದನೆಯ ಚಾರಣ ದಾರಿಯಾದ ಅಪಲೇಚಿಯನ್ ಟ್ರೇಲ್‌ನ ಒಂದೊಂದು ತುಂಡು ನಡೆಯುತ್ತೇವೆ. ವರ್ಜೀನಿಯಾದ ಶೆನಂಡೋವಾದಲ್ಲಿ ದಿನಕ್ಕೆ 25 ಕಿ.ಮೀ. ಆರಾಮಾಗಿ ಆಯಿತು. ಸೆಪ್ಟೆಂಬರ್ ಕೊನೆಗೆ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ಗೆ ಹೊರಟಿದ್ದೇವೆ. ಅದೇ ಲೆಕ್ಕ ಹಿಡಿಯಬಹುದಾ?

ಉತ್ತರ (ಚಾರಣ ಮಾರ್ಗದರ್ಶಿ): ದಯವಿಟ್ಟು ಬೇಡ. 12ರಿಂದ 15 ಕಿ.ಮೀ. ಸಾಕು. ಶೆನಂಡೋವಾದಲ್ಲಿ ದಾರಿ ಬೆಟ್ಟವನ್ನು ಬಳಸಿಕೊಂಡು ನಿಧಾನಕ್ಕೆ ಏರುತ್ತದೆ. ವೈಟ್ ಮೌಂಟನ್ಸ್‌ನಲ್ಲಿ ಬಹಳ ಕಡೆ ನೆಟ್ಟಗೆ ಮೇಲಕ್ಕೇ. ಕಾಲಿಗೆ ಸಿಗುವುದು ಬಂಡೆ, ಬೇರು, ಕೆಸರು.

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಲು 1892ರಲ್ಲಿ ಕೊಟ್ಟ ಸೂತ್ರವೊಂದಿದೆ. 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗ್ಲೆನ್‌ಕ್ಲಿಫ್‌ನಿಂದ ವೈಟ್ ಮೌಂಟನ್ಸ್‌ನ ಮೂಸಿಲಾಕಿ ಬೆಟ್ಟ ಹತ್ತಿ ಕಿನ್ಸ್‌ಮನ್ ನಾಚ್‌ಗೆ (ನಾಚ್ ಎಂದರೆ ಬೆಟ್ಟಗಳ ನಡುವಿನ ಕಣಿವೆ) ಇಳಿಯುವುದು ಸುಮಾರು 15 ಕಿ.ಮೀ. ಏರು 1,100 ಮೀಟರ್‌ಗಿಂತ ಜಾಸ್ತಿ. ಸೂತ್ರದ ಪ್ರಕಾರ 5 ಗಂಟೆ. ನೀವು 8–9 ಗಂಟೆ ಇಟ್ಟುಕೊಳ್ಳಿ. ಬೆನ್ನ ಮೇಲಿನ ಭಾರ, ಊಟದ ಹೊತ್ತು, ಕಾಲಡಿಯ ಬಂಡೆ ಯಾವುದೂ ಆ ಸೂತ್ರದಲ್ಲಿಲ್ಲ.

ಪ್ರಶ್ನೆ: ಹತ್ತುವಾಗ ಹೋದ ಟೈಮು ಇಳಿಯುವಾಗ ವಾಪಸ್ ಸಿಗಲ್ವಾ ಸರ್?

ಉತ್ತರ: ಅಲ್ಲಿ ಸಿಗಲ್ಲ. ಮೂಸಿಲಾಕಿಯಿಂದ ಆ ಕಡೆ 6 ಕಿ.ಮೀ.ಯಲ್ಲಿ ಸುಮಾರು 900 ಮೀಟರ್ ಇಳಿಯಬೇಕು. ಕೊನೆಯ ಭಾಗವಂತೂ ಬೀವರ್ ಬ್ರೂಕ್ ಜಲಪಾತದ ಪಕ್ಕದಲ್ಲೇ. ಹಾಸುಬಂಡೆಗೆ ಮರದ ತುಂಡುಗಳನ್ನು ಮೆಟ್ಟಿಲಿನಂತೆ ಜಡಿದಿದ್ದಾರೆ. ಒದ್ದೆಯಾದರೆ ಅವೂ ಜಾರುತ್ತವೆ. ಕೋಲು ಮಡಚಿ ಬ್ಯಾಗಿಗೆ ಸಿಕ್ಕಿಸಿ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಕೈ ಊರಿ, ಒಂದೊಂದೇ ಕಾಲು ಇಳಿಸಿ. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇದೇ ಕಷ್ಟ.

ಇನ್ನೊಬ್ಬರ ಪ್ರಶ್ನೆ: ಏರಿಳಿತ ಕಡಿಮೆ ಇರೋ ಕಡೆ ಆದ್ರೂ ಜೋರಾಗಿ ನಡೀಬಹುದಲ್ವಾ?

ಉತ್ತರ: ನೆಲ ಚೆನ್ನಾಗಿದ್ದರೆ ಧಾರಾಳವಾಗಿ. ಆದರೆ ಮೇನ್ ರಾಜ್ಯದ ಮಹೂಸಕ್ ನಾಚ್ ನೋಡಿ. ಬರೀ 1.6 ಕಿ.ಮೀ., ಹೇಳಿಕೊಳ್ಳುವಂಥ ಏರೂ ಇಲ್ಲ. ಸೂತ್ರ ಕೇಳಿದರೆ 20 ನಿಮಿಷ ಅನ್ನುತ್ತದೆ. ಮನೆ ಗಾತ್ರದ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ. ಕೆಲವು ಸಂದುಗಳಲ್ಲಿ ಬ್ಯಾಗು ಕಳಚಿ ಮುಂದೆ ತಳ್ಳಿ, ಅದರ ಹಿಂದೆ ತೆವಳಬೇಕು. ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು: ಸೆಪ್ಟೆಂಬರ್ ಕೊನೆಗೆ ಬೆಳಕು 12 ಗಂಟೆ ಅಷ್ಟೇ. ಮೊದಲ ದಿನ ಮೂಸಿಲಾಕಿ ಒಂದನ್ನೇ ಇಟ್ಟುಕೊಳ್ಳಿ. ಗಂಟೆಗೆ ಎಷ್ಟು ಸಾಗಿತು ಅಂತ ಬರೆದಿಡಿ. ಮುಂದಿನ ದಿನಗಳ ತಂಗುವ ಜಾಗ ಅದರ ಮೇಲೆ ಗೊತ್ತು ಮಾಡಿ.